ಹಲ್ಲಿ ಬಿದ್ದ ಬರಣಿ

ಮಂಗಸೂಳಿ, ತೋಟದ ಮನೆ
12 ಜೂನ್ 2024

ಪ್ರೀತಿಯ ಪ್ರಾಜಕ್ತಾ,

ನಿನ್ನ ಅಣ್ಣನ ಜೊತೆ ಮಗಳನ್ನು ಕಳಿಸಿದ್ದೇನೆ. ನೀನು ಇದನ್ನು ಓದುವ ಹೊತ್ತಿಗೆ ಭಾಗ್ಯಾ ನಿಮ್ಮ ಅಡುಗೆಮನೆಯ ಅರ್ಧ ಡಬ್ಬಿಗಳನ್ನು ಕೆಳಗಿಳಿಸಿರುತ್ತಾಳೆ. ಬೈಯಬೇಡ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಮ್ಮ ಫೋನು ಇರುವುದು ನಿನ್ನ ಅವ್ವನ ತಲೆದಿಂಬಿನ ಹತ್ತಿರ, ನಿಮ್ಮದು ಸದಾ ಸ್ಪೀಕರ್ ಮೇಲೆ. ಅತ್ತೆಯವರಿಗೆ ಓದು ಬಾರದು, ಅದೊಂದೇ ದೇವರು ನಮ್ಮಿಬ್ಬರಿಗೆ ಮಾಡಿಕೊಟ್ಟ ಅನುಕೂಲ. ಇನ್ನು ಮುಂದೆ ಬುತ್ತಿ ಚೀಲದ ತಳದಲ್ಲಿ ಪತ್ರ ಇಡುತ್ತೇನೆ, ಖಾಲಿ ಚೀಲದಲ್ಲಿ ನೀನೂ ಇಡು. ಕಂಡಕ್ಟರ್ ಶಿವಾಜಿ ಮಾಮಾ ಚೀಲವನ್ನು ನೀನು ಶಾಲೆಗೆ ಇಳಿಯುವ ಹಾರೂಗೇರಿ ಸ್ಟ್ಯಾಂಡಿಗೆ ತಲುಪಿಸುತ್ತಾರೆ.

ಭಾಗ್ಯಾಗೆ ಒಂಬತ್ತು ತುಂಬಿದೆ, ನೋಡಿದವರು ಆರು ಅನ್ನುತ್ತಾರೆ. ನಿನ್ನೆ ಬಂದ ಅಕ್ಷರ ಇವತ್ತು ಬರುವುದಿಲ್ಲ. ನೀನು ಕಲಿಸುವ ಶಾಲೆಯಲ್ಲೇ, ನಿನ್ನ ಕಣ್ಣೆದುರೇ ಇದ್ದರೆ ದಾರಿಗೆ ಬಂದಾಳು ಎಂಬ ಆಸೆ. ಅತ್ತೆಯವರು ದಿನಕ್ಕೊಂದು ಸಲ, "ಮಾಳುನ ರಕ್ತ ಬಂದೈತಿ ಇಕಿಗೆ" ಅನ್ನುತ್ತಾರೆ. ನಿನ್ನ ಸಣ್ಣಣ್ಣ ಮಾಳುವನ್ನು ನಾನು ನೋಡಿದ್ದು ಎರಡೇ ಸಲ. ಏಟು ತಾಳದೆ ಹದಿನೈದಕ್ಕೇ ಕುರಿಯವರ ಹಿಂದೆ ಹೋದವನು ಎಂಬುದಷ್ಟೇ ಗೊತ್ತು. ಆ ಹೆಸರು ಕೇಳಿದಾಗಲೆಲ್ಲ ಭಾಗ್ಯಾಳನ್ನು ಒಳಗೆ ಕರೆದುಕೊಳ್ಳುತ್ತೇನೆ.

ರಾತ್ರಿ ಅವಳಿಗೆ ಒಂದು ಕಡೆ ಗೋಡೆ ಇರಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ.

ನಿನ್ನ ವೈನಿ,
ಸುಜಾತಾ

ಅಲಖನೂರ
7 ಜುಲೈ 2024

ವೈನಿಗೆ ನಮಸ್ಕಾರ.

ಭಾಗ್ಯಾ ಆರಾಮ ಇದ್ದಾಳೆ. ನಾನು ಇಲ್ಲ.

ಬೇಜಾರಾಗಬೇಡಿ, ಮುದ್ದು ಮಾಡಿ ಮಾಡಿ ನೀವೇ ಕೆಡಿಸಿದ್ದೀರಿ. ಎಂಟು ವರ್ಷದಿಂದ ಮಕ್ಕಳಿಗೆ ಕಲಿಸುತ್ತಿದ್ದೇನೆ, ಇಂಥ ಸುಳ್ಳು ಕೇಳಿರಲಿಲ್ಲ. ಸೋಮವಾರ ಶಾಲೆಯಲ್ಲಿ ಎಲ್ಲರೆದುರು, "ನಿನ್ನಿ ನಾವು ಕಾಕಾನ ಮದವಿಗೆ ಹೋಗಿದ್ವಿ, ಜಿಲೇಬಿ ತಿಂದೆ" ಎಂದಳು. ಯಾವ ಕಾಕಾ, ಯಾವ ಮದುವೆ! ಹಿಂದಿನ ದಿನ ಇಡೀ ನನ್ನ ಜೊತೆ ಬಟ್ಟೆ ಒಗೆದಿದ್ದಳು. ಪಕ್ಕದ ಹುಡುಗಿಯ ಕಂಪಾಸ್ ಪೆಟ್ಟಿಗೆ ಅವಳ ಚೀಲದಲ್ಲಿ ಸಿಕ್ಕಿತು. ಕೇಳಿದರೆ, "ನಂಗೊತ್ತಿಲ್ಲ ಆತ್ಯಾ" ಎಂದಳು, ಕಣ್ಣು ಕೂಡ ಪಿಳುಕಿಸಲಿಲ್ಲ.

ಅಂಗೈ ಮೇಲೆ ಎರಡು ಕೊಟ್ಟೆ. ಅತ್ತಳು, "ಇನ್ನ ಮಾಡೂದಿಲ್ಲ" ಎಂದಳು. ಮರುದಿನ ಅದೇ ಪೆಟ್ಟಿಗೆ, ಅದೇ ಚೀಲ. ಸಿಟ್ಟಿಗಿಂತ ಹೆಚ್ಚಾಗಿ ನನಗೆ ಭಯವಾಯಿತು. ಹೊಡೆದದ್ದೇ ಅವಳಿಗೆ ನೆನಪಿರಲಿಲ್ಲ ವೈನಿ. ನಕ್ಕೊಂಡು ಬಂದು ತೊಡೆಯ ಮೇಲೆ ಕೂತಳು.

ಹಿಂದಿನ ಶಾಲೆಯಲ್ಲಿ ಏನೂ ತಕರಾರು ಇರಲಿಲ್ಲ ಎಂದು ಅಣ್ಣ ಹೇಳಿದ್ದ. ಹೌದೇ?

ಪ್ರಾಜಕ್ತಾ

ಮಂಗಸೂಳಿ
15 ಜುಲೈ 2024

ಪ್ರಾಜಕ್ತಾ,

ಇರಲಿಲ್ಲ ಎಂದದ್ದು ಸುಳ್ಳು. "ನಿಮ್ಮ ಹುಡಿಗೀನ ಬ್ಯಾರೆ ಕಡೆ ನೋಡ್ಕೊಳ್ರಿ" ಎಂದು ಅವರೇ ಮಾರ್ಚಿನಲ್ಲಿ ಹೇಳಿ ಕಳಿಸಿದ್ದರು. ನಾನೇ ನಿನ್ನ ಅಣ್ಣನ ಬಾಯಿ ಮುಚ್ಚಿಸಿದೆ. ಗೊತ್ತಾದರೆ ನೀನು ಅವಳನ್ನು ಇಟ್ಟುಕೊಳ್ಳುತ್ತಿರಲಿಲ್ಲವೇನೋ ಎಂಬ ಅಂಜಿಕೆ.

ಮುದ್ದಿನಿಂದ ಕೆಟ್ಟಳು ಎಂದೆಯಲ್ಲ, ನಿನಗೆ ಗೊತ್ತಿಲ್ಲ. ನಾನೂ ಹೊಡೆದಿದ್ದೇನೆ. ಅತ್ತೆಯವರು ಒಮ್ಮೆ ಕೊಳ್ಳಿ ತೋರಿಸಿ ಹೆದರಿಸಿದರು. ಅವಳು ಆ ಕೊಳ್ಳಿಯನ್ನೇ ಹಿಡಿಯಲು ಹೋದಳು. ಅವತ್ತಿನಿಂದ ನಾನು ಹೊಡೆಯುವುದನ್ನು ಬಿಟ್ಟೆ. ನೀನೂ ಬಿಡು, ಕೈ ಮುಗಿದು ಕೇಳುತ್ತೇನೆ.

ಸುಜಾತಾ

ಅಲಖನೂರ
8 ಆಗಸ್ಟ್ 2024

ವೈನಿ,

ಎರಡು ಸುದ್ದಿ ಇವೆ. ಮೊದಲು ಕೆಟ್ಟದ್ದು. ಭಾಗ್ಯಾ ಈಗ ನನ್ನ ಪಕ್ಕದಲ್ಲೇ ಮಲಗಿದ್ದಾಳೆ, ಹೆದರದೆ ಓದಿ.

ಮೊನ್ನೆ ಸಂಜೆ ಹಾರೂಗೇರಿ ಸ್ಟ್ಯಾಂಡಿನಲ್ಲಿ ನನಗೆ ವಾಂತಿ ಬಂತು. "ಬಾಟಲಿ ತುಂಬಿಸು, ಚೀಲ ಹಿಡಕೋ, ನಮ್ಮ ಬಸ್ಸಿನ ಹತ್ರ ನಿಂದ್ರು" ಎಂದು ಹೇಳಿ ಆಚೆ ಹೋದೆ. ತಿರುಗಿ ಬಂದರೆ ನಳದ ಕೆಳಗೆ ಬಾಟಲಿ ಇದೆ, ಹುಡುಗಿ ಇಲ್ಲ. ಒಂದೂವರೆ ತಾಸು! ಬಸ್ಸು, ಟ್ರ್ಯಾಕ್ಟರುಗಳ ನಡುವೆ ಹುಚ್ಚಿಯಂತೆ ಓಡಾಡಿದೆ. ಕೊನೆಗೆ ಅಥಣಿ ಬಸ್ಸಿನ ಕಂಡಕ್ಟರ್ ಫೋನ್ ಮಾಡಿದ. ಬಾಗಿಲು ತೆರೆದಿತ್ತು, ಹತ್ತಿ ಕೂತಿದ್ದಳು. ನನ್ನ ನಂಬರು ಮಾತ್ರ ಹಾಡಿನಂತೆ ಹೇಳಿದಳಂತೆ. ದಿನಾ ಬಸ್ಸಿನಲ್ಲಿ ರಾಗ ಹಾಕಿ ಹೇಳಿಸಿದ್ದೊಂದು ಉಳಿದಿತ್ತು.

ಅವಳ ಮೇಲೆ ಕೂಗಲು ಬಾಯಿ ತೆರೆದೆ, ಆಗಲಿಲ್ಲ. ಇದು ಹಟವಲ್ಲ, ಮತ್ತೇನೋ. ಬೆಳಗಾವಿಯಲ್ಲಿ ಇಂಥ ಮಕ್ಕಳನ್ನು ನೋಡುವ ಡಾಕ್ಟರಬಾಯಿ ಇದ್ದಾರಂತೆ, ಕರೆದುಕೊಂಡು ಹೋಗುತ್ತೇನೆ.

ಎರಡನೆಯ ಸುದ್ದಿ: ವಾಂತಿ ಸುಮ್ಮನೆ ಬಂದದ್ದಲ್ಲ. ಎರಡು ತಿಂಗಳು. ಆರು ವರ್ಷ ಕಾದ ಮೇಲೆ ವೈನಿ! ಅವ್ವನಿಗೆ ನೀವೇ ಹೇಳಿ. ಫೋನಿನಲ್ಲಿ ಹೇಳಿದರೆ ಇಡೀ ಓಣಿಗೆ ಕೇಳಿಸುತ್ತದೆ.

ಪ್ರಾಜಕ್ತಾ

ಮಂಗಸೂಳಿ
14 ಆಗಸ್ಟ್ 2024

ನನ್ನ ಬಂಗಾರ ಪ್ರಾಜಕ್ತಾ,

ಪತ್ರದ ಮೊದಲರ್ಧ ಓದಿ ಕೂತುಬಿಟ್ಟೆ, ಉಳಿದರ್ಧ ಓದಿ ಎದ್ದೆ. ಅತ್ತೆಯವರು ಸುದ್ದಿ ಕೇಳಿ ನೇರ ಮಲ್ಲಯ್ಯನ ಗುಡಿಗೆ ಹೋಗಿ ಮೈತುಂಬ ಭಂಡಾರ ಮಾಡಿಕೊಂಡು ಬಂದರು. ಎರಡು ದಿನ ಅರಿಶಿನ ಹಚ್ಚಿದ ಮದುಮಗಳಂತೆ ತಿರುಗಾಡಿದರು.

ಚೀಲದಲ್ಲಿ ಬರಣಿ ಇದೆ, ನಿಧಾನವಾಗಿ ಎತ್ತಿಕೋ. ಈ ಮನೆಯ ಬಸುರಿಯರ ದ್ರಾಕ್ಷಿ ರಸ. ಮಾರ್ಚಿನಲ್ಲಿ ಉದುರಿದ ಹಣ್ಣನ್ನು ಬೆಲ್ಲ, ಲವಂಗ ಹಾಕಿ ಹೊಟ್ಟಿನಲ್ಲಿ ಹುಗಿದಿಟ್ಟದ್ದು. ಯಾರಿಗೆಂದು ಗೊತ್ತಿಲ್ಲದೆಯೂ ಅತ್ತೆಯವರು ಪ್ರತಿ ವರ್ಷ ಇಡುತ್ತಾರೆ. ಮುಂಜಾನೆ ಒಂದು ಸ್ಟೀಲಿನ ಗ್ಲಾಸು, ಸಂಜೆ ಒಂದು. ಗಂಡಸರು ಬರಣಿ ಮುಟ್ಟುವ ಹಾಗಿಲ್ಲ, ನಿನ್ನ ಯಜಮಾನರು ಮಹಾದೇವ ಅವರನ್ನೂ ದೂರ ಇಡು. ನನ್ನ ಎರಡು ಬಸಿರು ಇಳಿದುಹೋದ ಮೇಲೆ ಭಾಗ್ಯಾ ನಿಂತದ್ದು ಇದರಿಂದಲೇ ಎಂದು ಅತ್ತೆಯವರ ನಂಬಿಕೆ. ನನಗೂ ಹಾಗೇ ಅನ್ನಿಸುತ್ತದೆ. ಗಂಟಲು ಸ್ವಲ್ಪ ಉರಿಯುತ್ತದೆ, ಆಮೇಲೆ ಒಳ್ಳೆಯ ನಿದ್ದೆ.

ನಾನೇ ಕೈಯಾರೆ ಬಟ್ಟೆ ಸುತ್ತಿ ಕಟ್ಟಿದ್ದೇನೆ, ಒಡೆಯುವುದಿಲ್ಲ. ಡಾಕ್ಟರು ಏನೆಂದರು ಎಂದು ತಕ್ಷಣ ಬರಿ.

ಸುಜಾತಾ

ಅಲಖನೂರ
3 ಸೆಪ್ಟೆಂಬರ್ 2024

ವೈನಿ,

ನಾಲ್ಕು ಸಲ ಬರೆದು ಹರಿದಿದ್ದೇನೆ.

ಡಾಕ್ಟರಬಾಯಿ ಭಾಗ್ಯಾಳ ತಲೆ ಅಳೆದರು. ಮೂಗಿನ ಕೆಳಗಿನ ಗೆರೆಯನ್ನು, ತೆಳ್ಳಗಿನ ಮೇಲ್ದುಟಿಯನ್ನು ಬಹಳ ಹೊತ್ತು ನೋಡಿದರು. ಆಟ ಆಡಿಸಿದರು, ಲೆಕ್ಕ ಕೇಳಿದರು. ಆಮೇಲೆ ನನ್ನನ್ನು ಒಬ್ಬಳನ್ನೇ ಕೂರಿಸಿ ಕೇಳಿದರು: "ಈ ಕೂಸು ಹೊಟ್ಟ್ಯಾಗಿದ್ದಾಗ ತಾಯಿ ದಾರೂ ಏನರ ತಗೋತಿದ್ರೇನ್ರಿ?"

ಬಸುರಿ ಕುಡಿದರೆ ಅದು ಕೂಸಿನ ಮಿದುಳಿಗೂ ಹೋಗುತ್ತದಂತೆ. ಆದ ಪೆಟ್ಟು ಜೀವನವಿಡೀ ಇರುತ್ತದೆ, ಔಷಧ ಇಲ್ಲ. ಅವಳು ಹೇಳುವುದು ಸುಳ್ಳಲ್ಲವಂತೆ. ನೆನಪಿನಲ್ಲಿ ತೂತು ಇದ್ದ ಕಡೆ ಕೈಗೆ ಸಿಕ್ಕದ್ದನ್ನು ತುಂಬಿಕೊಳ್ಳುತ್ತಾಳೆ. ಕದಿಯುವುದೂ ಅಲ್ಲ, ಇದು ನನ್ನದು, ಅದು ಅವಳದು ಎನ್ನುವುದು ತಲೆಯಲ್ಲಿ ನಿಲ್ಲುವುದಿಲ್ಲ. ನಾನು ಹೊಡೆದ ಆ ಎರಡು ಏಟು ಈಗ ನನ್ನ ಕೈಯಲ್ಲೇ ಉರಿಯುತ್ತಿವೆ.

"ಬೈಯಾಕ ಕೇಳಾಕತ್ತಿಲ್ರಿ. ಖರೆ ಗೊತ್ತಾದ್ರ ಹುಡಿಗಿಗೆ ಸರಿಯಾದ ದಾರಿ ಹಾಕಿ ಕೊಡಾಕ ಬರತೈತಿ" ಎಂದರು ಡಾಕ್ಟರಬಾಯಿ.

ವೈನಿ, ನಾನು ಆಗ ಕಾಲೇಜು ಹಾಸ್ಟೆಲಿನಲ್ಲಿದ್ದೆ, ನನಗೇನೂ ಗೊತ್ತಿಲ್ಲ. ನಿಮ್ಮ ತವರು ನಿಪ್ಪಾಣಿಯಲ್ಲಿ ತಂಬಾಕಿನ ಗೋದಾಮಿಗೆ ಹೋಗುವ ಹೆಂಗಸರು ಮೈಕೈ ನೋವಿಗೆ ಸ್ವಲ್ಪ ತಗೊಳ್ಳುತ್ತಾರೆ ಎಂದು ಯಾರೋ ಅಂದದ್ದು ಕೇಳಿದ್ದೆ. ಹಾಗೇನಾದರೂ ಇದ್ದರೆ ನನಗೊಬ್ಬಳಿಗೆ ಹೇಳಿ. ಅವ್ವನಿಗೆ, ಅಣ್ಣನಿಗೆ ಹೇಳುವುದಿಲ್ಲ.

ಪ್ರಾಜಕ್ತಾ

ಅಲಖನೂರ
23 ಸೆಪ್ಟೆಂಬರ್ 2024

ವೈನಿ,

ಇಪ್ಪತ್ತು ದಿನವಾಯಿತು. ಚೀಲ ಬಂತು, ಚಟ್ನಿ ಬಂತು, ಪತ್ರ ಬರಲಿಲ್ಲ. ನಿಮ್ಮ ತವರಿನ ಮಾತು ತೆಗೆಯಬಾರದಿತ್ತು, ತಪ್ಪಾಯಿತು. ಚೀಲಕ್ಕೆ ಕಾಯದೆ ಇದನ್ನು ಅಂಚೆಗೆ ಹಾಕುತ್ತಿದ್ದೇನೆ.

ಒಳ್ಳೆಯದನ್ನು ಹೇಳುತ್ತೇನೆ. ಡಾಕ್ಟರಬಾಯಿ ಹೇಳಿದಂತೆ ಗೋಡೆಗೆ ಚಿತ್ರ ಅಂಟಿಸಿದ್ದೇನೆ: ಬೇವಿನ ಕಡ್ಡಿ, ಬಕೆಟ್, ರೊಟ್ಟಿ, ಚೀಲ, ಬಸ್ಸು. ಒಂದು ಸಲಕ್ಕೆ ಒಂದೇ ಮಾತು. ಅದನ್ನು ಮಾಡಿದ ಮೇಲೆ ಮುಂದಿನದು. ದಿನಾ ಅದೇ ಹೊತ್ತು, ಅದೇ ತಟ್ಟೆ, ಅದೇ ಸೀಟು. ಬಹಳ ಗದ್ದಲವಾದರೆ ಕೂರಲು ಕಣಜದ ಹಿಂದೆ ಒಂದು ಮೂಲೆ. ಹನ್ನೊಂದು ದಿನದಲ್ಲಿ ಮೂರು ಬಾರಿ ಮಾತ್ರ ಅತ್ತಿದ್ದಾಳೆ. ನಾನು ನಾಲ್ಕು ಬಾರಿ.

ಇಲ್ಲದ್ದು ಹೇಳುವುದು ಮಾತ್ರ ನಿಂತಿಲ್ಲ. ಮೊನ್ನೆ ಅವ್ವನ ಬರಣಿಯ ಮುಚ್ಚಳ ತೆಗೆದು ಮೂಸಿ, "ಆತ್ಯಾ, ಲಗಮಣ್ಣ ಕಾಕಾನ ಬಾಯಿ ಇದರಾಗ ಐತಿ" ಎಂದಳು. ಲಗಮಣ್ಣ ನಮ್ಮ ಓಣಿಯವನು, ಸಂಜೆಯಾದರೆ ಗೋಡೆ ಹಿಡಿದು ಮನೆಗೆ ಬರುತ್ತಾನೆ. ನಮ್ಮ ಅತ್ತೆ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕು, ಹಾಗೆಲ್ಲ ಅನ್ನಬಾರದು ಎಂದೆ. ಈಗ ಬೈಯುವುದಿಲ್ಲವಲ್ಲ.

ಬರಣಿ ತಳ ಕಂಡಿದೆ. ಇನ್ನೊಂದು ಕಳಿಸುತ್ತೇನೆ ಎಂದು ಅವ್ವ ಫೋನಿನಲ್ಲಿ ಹೇಳಿದಳು. ವಾಂತಿ ನಿಂತಿದೆ, ನಿದ್ದೆ ಚೆನ್ನಾಗಿದೆ. ನೀವು ಒಂದು ಸಾಲಾದರೂ ಬರೆಯಿರಿ.

ಪ್ರಾಜಕ್ತಾ

ಮಂಗಸೂಳಿ
24 ಸೆಪ್ಟೆಂಬರ್ 2024

ಪ್ರಾಜಕ್ತಾ,

ಇಷ್ಟು ದಿನ ಬರೆಯಲಿಲ್ಲ, ಬರೆದರೆ ಕಾಗದ ಸುಡುತ್ತಿತ್ತು.

ನಮ್ಮ ಅವ್ವ ಹದಿನೆಂಟು ವರ್ಷ ತಂಬಾಕಿನ ಧೂಳು ತಿಂದಳು. ಕೆಮ್ಮಿದಳು, ಕುಡಿಯಲಿಲ್ಲ. ದ್ರಾಕ್ಷಿ ತೋಟದವರ ಮಗಳಿಗೆ ಗೋದಾಮಿನವರ ಮಗಳು ಎಷ್ಟು ವರ್ಷ ಬಾಳಿದರೂ ಗೋದಾಮಿನವಳೇ. ಈ ಪತ್ರದ ಮಡಿಕೆಯಲ್ಲಿ ಚಿಟಿಕೆ ಭಂಡಾರ ಇದೆ, ನೋಡು. ಮಲ್ಲಯ್ಯನ ಭಂಡಾರ ಮುಟ್ಟಿ ಹೇಳುತ್ತೇನೆ: ಒಂದು ಹನಿ ದಾರೂ ನನ್ನ ನಾಲಿಗೆಗೆ ತಾಗಿಲ್ಲ. ಅದರ ವಾಸನೆ ಹೇಗಿರುತ್ತದೆ ಎಂಬುದೇ ನನಗೆ ಗೊತ್ತಿಲ್ಲ.

ನನ್ನ ಮಗಳನ್ನು ದಸರೆಗೆ ಕಳಿಸಿಬಿಡು. ದಡ್ಡಿ ಆದರೆ ನನ್ನ ದಡ್ಡಿ.

ಎರಡನೆಯ ಬರಣಿ ಚೀಲದಲ್ಲಿದೆ. ಎಷ್ಟು ಸಿಟ್ಟಿದ್ದರೂ ಬಟ್ಟೆ ಬಿಗಿಯಾಗಿಯೇ ಸುತ್ತಿದ್ದೇನೆ.

ಸುಜಾತಾ

ಮಂಗಸೂಳಿ
29 ಸೆಪ್ಟೆಂಬರ್ 2024

ಪ್ರಾಜಕ್ತಾ,

ನಿನ್ನೆ ಮಧ್ಯಾಹ್ನ ನಾನು ಫೋನ್ ಮಾಡಿ, "ಎರಡೂ ಬರಣ್ಯಾಗ ಹಲ್ಲಿ ಬಿದ್ದೈತಿ, ಒಂದ ಹನಿ ಕುಡೀಬ್ಯಾಡ, ಈಗ ಚೆಲ್ಲು" ಎಂದು ಕಿರುಚಿದೆನಲ್ಲ, ಹಲ್ಲಿ ಬಿದ್ದಿಲ್ಲ. ಅತ್ತೆಯವರು ಪಕ್ಕದಲ್ಲೇ ಇದ್ದರು, ನಿಮ್ಮ ಸ್ಪೀಕರ್ ಆನ್ ಇತ್ತು. ಬಾಯಿಗೆ ಬಂದದ್ದು ಅದೊಂದೇ. ನನ್ನ ಬರಣಿಯಲ್ಲಿ ಹಲ್ಲಿ ಹೇಗೆ ಬೀಳುತ್ತದೆ ಎಂದು ಅತ್ತೆಯವರು ನಿನ್ನೆಯಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ನಿನ್ನ ಅಂಚೆಯ ಪತ್ರ ನಿನ್ನೆ ಬಂತು. ಸಿಟ್ಟಿನಲ್ಲೇ ಓದುತ್ತಿದ್ದೆ. ಲಗಮಣ್ಣನ ಬಾಯಿ ಎಂಬಲ್ಲಿಗೆ ಬಂದಾಗ ಮೊದಲು ನಗು ಬಂತು, ಆಮೇಲೆ ಅದೇ ಸಾಲನ್ನು ಮತ್ತೆ ಓದಿದೆ. ಉಗ್ರಾಣಕ್ಕೆ ಹೋಗಿ ಉಳಿದ ಬರಣಿಯೊಂದನ್ನು ತೆಗೆದು ಮೂಸಿದೆ. ನನಗೆ ಅದು ಬಸುರಿನ ವಾಸನೆ, ಅಷ್ಟೇ. ಒಂದು ಗ್ಲಾಸು ತುಂಬಿ, ಏನೆಂದು ಹೇಳದೆ, ತೋಟದಲ್ಲಿದ್ದ ನಿನ್ನ ಅಣ್ಣನಿಗೆ ಕೊಟ್ಟೆ. ಅವರು ಎಂದಾದರೊಮ್ಮೆ ಕುಡಿಯುತ್ತಾರೆ, ಕುಡಿದ ರಾತ್ರಿ ಮನೆಗೆ ಬರುವುದಿಲ್ಲ, ನಿನಗೆ ಗೊತ್ತೇ ಇದೆ. ಒಂದು ಗುಟುಕು ಕುಡಿದು ನನ್ನ ಮುಖ ನೋಡಿದರು. "ಎಲ್ಲಿಂದ ತಂದಿ ಇದನ್ನ? ಭಾಳ ಕಡಕ್ ಐತಿ" ಎಂದರು.

ಹೆಂಗಸರ ಬರಣಿ ಎಂದು ಗಂಡಸರು ಮುಟ್ಟಲಿಲ್ಲ. ಮುಟ್ಟಿದ ಹೆಂಗಸರಿಗೆ ದಾರೂ ಎಂದರೆ ಏನೆಂದು ಗೊತ್ತಿರಲಿಲ್ಲ. ಏಳು ತಿಂಗಳು ಪ್ರಾಜಕ್ತಾ, ದಿನಕ್ಕೆರಡು ಗ್ಲಾಸು. ತಲೆ ಹಗುರಾಗುತ್ತಿತ್ತು, ಅದನ್ನೇ ಶಕ್ತಿ ಎಂದುಕೊಂಡೆ. ಒಂಬತ್ತು ವರ್ಷ ಆ ಕೂಸಿಗೆ ನಾವೆಲ್ಲ ಸುಳ್ಳಿ ಎಂದೆವು. ಭಂಡಾರ ಮುಟ್ಟಿ ಸುಳ್ಳು ಹೇಳಿದವಳು ನಾನು.

ನಿನ್ನದು ಎಷ್ಟು ಗ್ಲಾಸಾಯಿತು? ನನ್ನ ಕೈಯಿಂದಲೇ ಕಟ್ಟಿ ಕಳಿಸಿದೆನಲ್ಲ. ಎರಡನೆಯದನ್ನು ತೆರೆದಿದ್ದೆಯಾ? ದಯವಿಟ್ಟು ನಾಳೆಯೇ ಡಾಕ್ಟರಬಾಯಿಯ ಹತ್ತಿರ ಹೋಗು.

ಸುಜಾತಾ

ಅಲಖನೂರ
9 ಅಕ್ಟೋಬರ್ 2024

ವೈನಿ,

ಎರಡನೆಯ ಬರಣಿ ತೆರೆದಿರಲಿಲ್ಲ. ತೆರೆಯಬೇಕೆಂದಿದ್ದ ಹೊತ್ತಿಗಿಂತ ಒಂದು ತಾಸು ಮೊದಲೇ ನಿಮ್ಮ ಹಲ್ಲಿ ಬಿತ್ತು. ಮೊದಲನೆಯದು ಆರು ವಾರ. ನನಗೆ ಅದರ ಉರಿ ಹಿಡಿಸುತ್ತಿರಲಿಲ್ಲ, ಮುಂಜಾನೆಯದನ್ನು ಎಷ್ಟೋ ದಿನ ಬಿಟ್ಟಿದ್ದೇನೆ. ಎಷ್ಟು ದಿನ ಎಂದು ಬೆರಳು ಮಡಚುತ್ತ ಕೂರುತ್ತೇನೆ, ಪ್ರತಿ ಸಲ ಬೇರೆ ಲೆಕ್ಕ ಬರುತ್ತದೆ. ಓದಿದವಳು ನಾನು, ಮೂಸಿ ನೋಡಲಿಲ್ಲ. ಅವ್ವ ಕೊಟ್ಟದ್ದನ್ನು ಯಾರು ಮೂಸುತ್ತಾರೆ ಹೇಳಿ.

ಡಾಕ್ಟರಬಾಯಿ ನನ್ನನ್ನು ಬೈಯಲಿಲ್ಲ, ಸುಮ್ಮನೆ ಸಮಾಧಾನವನ್ನೂ ಹೇಳಲಿಲ್ಲ. "ಬಿಟ್ಟಿರಲ್ಲ, ಅದು ದೊಡ್ಡದು. ಕುಡದವರ ಮಕ್ಕಳೆಲ್ಲಾರಿಗೂ ಹಿಂಗ ಆಗೂದಿಲ್ಲ. ಆದ್ರ ಯಾರಿಗೆ ಆಗತೈತಿ, ಯಾರಿಗಿಲ್ಲ ಅಂತ ನಾ ಹೇಳಾಕ ಆಗೂದಿಲ್ರಿ" ಎಂದರು. ಸ್ಕ್ಯಾನಿನಲ್ಲಿ ಇದು ಕಾಣುವುದಿಲ್ಲವಂತೆ. ಹುಟ್ಟಿದ ಮೇಲೆ, ಬೆಳೆಯುತ್ತ ಬೆಳೆಯುತ್ತ ನೋಡಬೇಕು. ರಾತ್ರಿ ಎಚ್ಚರವಾದರೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕ್ಷಮೆ ಕೇಳುತ್ತೇನೆ. ನನಗೆ ಹೆದರಿಕೆ ವೈನಿ, ಬಹಳ ಹೆದರಿಕೆ.

ಭಾಗ್ಯಾಳನ್ನು ಕೂರಿಸಿಕೊಂಡು, "ನೀ ಹೇಳಿದ್ದು ಖರೆ ಇತ್ತವ್ವಾ" ಎಂದೆ. "ಏನ ಹೇಳಿದ್ನಿ?" ಎಂದಳು. ಮರೆತಿದ್ದಾಳೆ! ನಾನು ಅತ್ತಾಗ ನನ್ನ ಕೈ ಹಿಡಿದು ಕಣಜದ ಹಿಂದಿನ ಅವಳ ಮೂಲೆಗೆ ಕರೆದುಕೊಂಡು ಹೋಗಿ ಕೂರಿಸಿದಳು. "ಗದ್ದಲಾದ್ರ ಇಲ್ಲಿ ಕುಂಡ್ರಬೇಕ ಆತ್ಯಾ" ಎಂದಳು.

ದಸರೆಗೆ ಕಳಿಸುವುದಿಲ್ಲ, ಸಿಟ್ಟು ಮಾಡಿಕೊಳ್ಳಬೇಡಿ. ಶಾಲೆಯಲ್ಲಿ ಉಳಿದ ಬಾಯಾರಿಗೂ ಮಾಸ್ತರರಿಗೂ ಈ ಚಿತ್ರಗಳ ರೀತಿ ಹೇಳಿಕೊಡುತ್ತಿದ್ದೇನೆ. ನೀವೇ ಬಂದು ಎಂಟು ದಿನ ಇದ್ದು ಕಲಿಯಿರಿ. ಇಲ್ಲಿ ಒಂದು, ಅಲ್ಲಿ ಒಂದು ಆದರೆ ಅವಳಿಗೆ ಗೊಂದಲವಾಗುತ್ತದೆ.

ಅವ್ವನಿಗೆ ಯಾರು ಹೇಳುವುದು? ನನ್ನ ಕೈಲಿ ಆಗುವುದಿಲ್ಲ.

ಪ್ರಾಜಕ್ತಾ

ಮಂಗಸೂಳಿ
6 ನವೆಂಬರ್ 2024

ಪ್ರಾಜಕ್ತಾ,

ಹೇಳಿದೆ. ತಿಂಗಳು ತಡವಾಯಿತು. ನಿಮ್ಮ ಮನೆಯಲ್ಲಿ ಎಂಟು ದಿನ ಇದ್ದು, ನಾನೂ ಆ ಚಿತ್ರಗಳನ್ನು ನೋಡಿ ಬಂದ ಮೇಲೆ ಧೈರ್ಯ ಬಂತು. ದೀಪಾವಳಿ ಮುಗಿಯಲಿ ಎಂದು ಕಾದು, ನಿನ್ನೆ ಮಧ್ಯಾಹ್ನ ಒಲೆಯ ಮುಂದೆ ಕೂತು ಎಲ್ಲ ಹೇಳಿದೆ. ಭಾಗ್ಯಾಳ ಮಾತು, ಡಾಕ್ಟರಬಾಯಿಯ ಮಾತು, ಹಲ್ಲಿಯ ಸುಳ್ಳು. ನಿನ್ನ ಹೊಟ್ಟೆಯ ಹೆದರಿಕೆಯನ್ನೂ ಹೇಳಿದೆ.

ಮೊದಲು ಗದರಿಸಿದರು. "ನಮ್ಮ ಅತ್ತಿ ಕುಡಿಸ್ಯಾಳ, ನಾ ಕುಡದೇನಿ. ಮೂರೂ ಬಸರಾಗ ಕುಡದೇನಿ. ನನ್ನ ಮಕ್ಕಳಿಗೆ ಏನಾಗೇತಿ?" ಎಂದು ಬೆರಳು ಮಡಚಿದರು. "ಸಿದ್ದಲಿಂಗ ಚಲೋ ಅದಾನ" ಎಂದು ನಿನ್ನ ಅಣ್ಣನಿಗೆ ಒಂದು ಬೆರಳು. ಎರಡನೆಯ ಬೆರಳು ಹಿಡಿದವರು ಮೂರನೆಯದಕ್ಕೆ, ನಿನ್ನ ಹೆಸರಿಗೆ, ಬರಲೇ ಇಲ್ಲ.

ರೊಟ್ಟಿ ಹೆಂಚಿನ ಮೇಲೆ ಸೀದುಹೋಯಿತು. ನಾನೂ ತೆಗೆಯಲಿಲ್ಲ.

"ಹಂಗಾರ ಮಾಳು?" ಎಂದರು. ಆಗ ಯಾರೂ ಅವನನ್ನು ಡಾಕ್ಟರಿಗೆ ತೋರಿಸಲಿಲ್ಲ, ಈಗ ಯಾರೂ ಖಚಿತವಾಗಿ ಹೇಳಲಾರರು. ಹಾಗೆಂದೇ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ. "ಅವಂಗ ಕೊಳ್ಳಿ ಇಟ್ಟೇನಿ ಸುಜಾತಾ. ತೋರ್ಸಿಲ್ಲ, ಇಟ್ಟೇನಿ. ಮರದಿವಸ ಮತ್ತ ಬಂದು ನನ್ನ ಸೆರಗ ಹಿಡದ ನಿಂತಿದ್ದ. ನಾಚಿಕಿಲ್ಲದಾವ ಅಂದೆ" ಎಂದರು. ಹದಿನೈದು ವರ್ಷದಲ್ಲಿ ಅತ್ತೆಯವರು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಬೈಯಬೇಕೆಂದು ಕೂಡಿಟ್ಟ ಮಾತು ಬಿಟ್ಟು, ಹೆಂಚನ್ನು ಒಲೆಯಿಂದ ಇಳಿಸಿದೆ.

ಇವತ್ತು ಮುಂಜಾನೆ ಎದ್ದವರು ಉಳಿದ ಬರಣಿಗಳನ್ನು ಒಬ್ಬರೇ ಹೊತ್ತು ಗೊಬ್ಬರದ ಗುಂಡಿಗೆ ಸುರಿದರು. ಆಮೇಲೆ ಎರಡು ಬುತ್ತಿ ಕಟ್ಟಿದರು. ಒಂದು ನಿನಗೆ: ಶೇಂಗಾ ಹೋಳಿಗೆ, ಎಳ್ಳಿನ ರೊಟ್ಟಿ, ಭಾಗ್ಯಾಗೆ ಚಕ್ಕುಲಿ. ಮುಂದಿನ ತಿಂಗಳು ನಿನ್ನ ಏಳನೆಯ ತಿಂಗಳ ಕುಬಸಕ್ಕೆ ಅವರೇ ಬರುತ್ತಾರೆ. ಚಿತ್ರ ಅಂಟಿಸುವುದನ್ನು ಕಲಿಯಬೇಕಂತೆ, ನಿನ್ನ ಕೂಸಿಗೂ ಬೇಕಾದರೆ ಇರಲಿ ಎಂದರು. ಬೇಕಾಗದೇ ಇರಲಿ ಎಂದು ಮಲ್ಲಯ್ಯನಿಗೆ ನಾನೂ ಕೈ ಮುಗಿದೆ.

ಇನ್ನೊಂದು ಬುತ್ತಿ ಮಾಳುಗೆ. ಅವನಿರುವ ಕುರಿಯವರು ಅಥಣಿಯ ಕಡೆ ಯಾರದೋ ಹೊಲದಲ್ಲಿ ಕುರಿ ತರುಬಿ ಬೀಡು ಬಿಟ್ಟಿದ್ದಾರಂತೆ. ನಿನ್ನ ಅಣ್ಣ ಬೈಕಿನ ಮೇಲೆ ಹೊರಟಿದ್ದಾರೆ. ಅತ್ತೆಯವರು ಬುತ್ತಿಯ ಗಂಟು ಕಟ್ಟುವ ಮುಂಚೆ, "ಒಂದ ಚೀಟಿ ಬರದ ಹಾಕು" ಎಂದರು.

"ಮಾಳುಗ ಓದಾಕ ಬರೂದಿಲ್ಲಲ್ಲ ಅತ್ತಿ" ಎಂದೆ.

"ನಂಗೂ ಬರೂದಿಲ್ಲ. ನೀ ಬರಿ. ತಪ್ಪು ನಿಂದಲ್ಲಂತ ಬರಿ."

ಬರೆದೆ. ಅದರ ಕೆಳಗೆ, ನಿಮ್ಮ ಮನೆಯ ಗೋಡೆಯ ಮೇಲೆ ನೋಡಿದಂತೆ, ಓದಲು ಬಾರದವನಿಗೂ ತಿಳಿಯಲೆಂದು ಮೂರು ಚಿತ್ರ ಬಿಡಿಸಿದೆ: ಬಸ್ಸು, ರೊಟ್ಟಿ, ಬಾಗಿಲು ತೆರೆದ ಮನೆ. ಅತ್ತೆಯವರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಬಾಗಿಲಲ್ಲಿ ನಿಂತ ಒಬ್ಬ ಹೆಂಗಸನ್ನು ತಾವೇ ಬಿಡಿಸಿದರು.

ನಿನ್ನ ವೈನಿ,
ಸುಜಾತಾ